ಇವತ್ತು ಯಾರು ಗೆಲ್ತಾರೆ, ಪ್ರೊಫೆಸರೇ?

ಬೆಳಿಗ್ಗೆ ಎದ್ದು, ಕನ್ನಡಕ ಹುಡುಕಿ ಮೂಗಿಗೇರಿಸಿಕೊಂಡ ಮೇಲೆ ನೆವಿಲ್ ಟ್ರಾಂಟರ್ ಮಾಡುತ್ತಿದ್ದ ಮೊದಲ ಕೆಲಸ ಚಹಾಕ್ಕೆ ನೀರಿಡುವುದಲ್ಲ, ಫೋನು ನೋಡುವುದು. ಅದರಲ್ಲಿ ಒಂದು ಪ್ರಶ್ನೆ ಬಂದು ಕೂತಿರುತ್ತಿತ್ತು: ‘ಇವತ್ತು ಯಾರು ಗೆಲ್ತಾರೆ, ಪ್ರೊಫೆಸರೇ?’ ಕೇಳುವವರು ಯಾರ್ಯಾರೋ. ಬ್ರಿಸ್ಬೇನಿನವನೊಬ್ಬ, ಸ್ಕಾಟ್ಲೆಂಡಿನವನೊಬ್ಬ, ಹೆಸರೇ ಹೇಳದೆ ಬರೀ ಹುಲಿಯ ಚಿತ್ರ ಹಾಕಿಕೊಂಡವನೊಬ್ಬ. ಒಬ್ಬರ ಮುಖವನ್ನೂ ಅವನು ಕಂಡಿರಲಿಲ್ಲ. ಆದರೂ ಬೆಳಗಾದರೆ ಅವನ ಅಭಿಪ್ರಾಯ ಬೇಕು ಎನ್ನುವ ಜನ ಈ ಭೂಮಿಯ ಮೇಲೆ ಅವರಷ್ಟೇ ಇದ್ದರು.

ನೆವಿಲ್ ಮರ್ರೆ ನದಿಯ ದಂಡೆಯ ಬ್ಯಾರಿಂಗೂಲ್ ಊರಿನವನು. ದ್ರಾಕ್ಷಿ, ಬಾದಾಮಿ ತೋಟಗಳಿಗೆ ನೀರು ಬಿಡುವ ಕಾಲುವೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ತೂಬು ಎತ್ತಿ ಇಳಿಸುವುದನ್ನೆಲ್ಲ ಯಂತ್ರಗಳೇ ಮಾಡತೊಡಗಿದ ಮೇಲೆ ನಿವೃತ್ತನಾದವನು. ಮಕ್ಕಳಿರಲಿಲ್ಲ. ಹೆಂಡತಿ ಗ್ಲೆಂಡಾ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಅವನನ್ನು ಬಿಟ್ಟರೆ ಫ್ರಿಜ್ಜು ಮಾತ್ರ. ಕೆಲವು ದಿನ ಸಂಜೆಯ ಹೊತ್ತಿಗೆ ಲೆಕ್ಕ ಹಾಕಿದರೆ, ಅಂಗಡಿಯವಳಿಗೆ ‘ಚೀಲ ಬೇಡಮ್ಮ’ ಅಂದದ್ದು ಬಿಟ್ಟು ಬೇರೊಂದು ಮಾತು ಬಾಯಿಂದ ಹೊರಟಿರುತ್ತಿರಲಿಲ್ಲ. ಪಬ್ಬಿಗೆ ಹೋಗಬಹುದಿತ್ತು. ಹೋದರೆ ಎಲ್ಲರೂ ‘ಹೇಗಿದೀಯೋ’ ಎಂದು ಕೇಳಿ, ಅವನು ‘ಚೆನ್ನಾಗಿದೀನಿ’ ಎನ್ನುವ ತನಕ ನಿಂತು, ಆಮೇಲೆ ತಮ್ಮ ಹೆಂಡತಿಯರ ಮೇಜಿಗೆ ವಾಪಸು ಹೋಗಿಬಿಡುತ್ತಿದ್ದರು. ಅವನು ಹೋಗುವುದನ್ನೇ ಬಿಟ್ಟ.

ಟೆನಿಸ್ ಮಾತ್ರ ಅವನ ಕೈಬಿಟ್ಟಿರಲಿಲ್ಲ. ಊರಿನ ಕ್ಲಬ್ಬಿನ ಹುಲ್ಲಿನ ಕೋರ್ಟುಗಳಿಗೆ ಬಿಳಿ ಗೆರೆ ಎಳೆಯುವುದು ಇವತ್ತಿಗೂ ಅವನ ಕೆಲಸ. ಆಟ ನೋಡುವ ಕಣ್ಣೂ ಅವನಿಗೆ ಚೆನ್ನಾಗಿತ್ತು. ಬೇರೆಯವರು ಚೆಂಡು ನೋಡಿದರೆ ಅವನು ಪಾದ ನೋಡುತ್ತಿದ್ದ. ಸುಸ್ತಾದವರ ಹಿಮ್ಮಡಿ ಮೊದಲು ನೆಲಕ್ಕೆ ಕೂರುತ್ತದೆ, ಸೋಲು ಆಮೇಲೆ ಬರುತ್ತದೆ ಅನ್ನುವುದು ಅವನ ಸಿದ್ಧಾಂತ. ಗ್ಲೆಂಡಾ ಹೋದ ಮೇಲೆ ಹೊತ್ತು ಹೋಗದೆ ಫೋನಿನಲ್ಲಿ ಸಣ್ಣಪುಟ್ಟ ಬಾಜಿ ಕಟ್ಟಲು ಶುರು ಮಾಡಿದ. ಅಲ್ಲಿಂದ ಈ ಬಾಜಿಯವರ ಗುಂಪು ಸಿಕ್ಕಿತು. ಒಂದೆರಡು ಸಲ ಅವನು ಹೇಳಿದವರೇ ಗೆದ್ದರು. ಯಾರೋ ‘ಪ್ರೊಫೆಸರ್’ ಅಂದರು. ಹತ್ತನೇ ಕ್ಲಾಸೂ ಮುಗಿಸದ ಮನುಷ್ಯನಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ, ಗೆದ್ದ ದುಡ್ಡನ್ನು ಎಷ್ಟೋ ಸಲ ನೋಡುತ್ತಲೇ ಇರಲಿಲ್ಲ. ಅವನು ಕಟ್ಟುತ್ತಿದ್ದುದೂ ಬೇಕರಿಯಲ್ಲಿ ಒಂದು ಮಾಂಸದ ಪೈ ಕೊಂಡು ತಿನ್ನುವಷ್ಟು ಮಾತ್ರ. ಅವನಿಗೆ ಬೇಕಿದ್ದದ್ದು ಆ ಬೆಳಗಿನ ಪ್ರಶ್ನೆ.

ಇತ್ತೀಚೆಗೆ ಆ ಪ್ರಶ್ನೆಗೂ ಸಂಚಕಾರ ಬಂದಿತ್ತು. ಗುಂಪಿಗೆ ಹೊಸಬನೊಬ್ಬ ಸೇರಿಕೊಂಡು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಪ್ರತಿ ಆಟಕ್ಕೂ ಶೇಕಡಾ ಇಷ್ಟು ಎಂದು ಬರೆಯುತ್ತಿದ್ದ. ನೆವಿಲ್ ಹೇಳಿದ್ದು ಸಾಲಾಗಿ ಸುಳ್ಳಾಯಿತು. ಬ್ರಿಸ್ಬೇನಿನ ಗ್ಯಾಜಾ ಎಂಬವನು ‘ಪ್ರೊಫೆಸರಿಗೆ ಪೆನ್ಷನ್ ಕೊಟ್ಟುಬಿಡೋಣ್ರಪ್ಪ’ ಎಂದು ಬರೆದ. ಎಲ್ಲರೂ ನಗುವ ಮುಖಗಳನ್ನು ಹಾಕಿದರು. ನೆವಿಲ್ಲೂ ಒಂದು ಹಾಕಿದ, ಮನಸ್ಸಿಲ್ಲದ ಮನಸ್ಸಿನಿಂದ.

ಪ್ರತಿ ಮಾರ್ಚಿನಲ್ಲಿ ಬ್ಯಾರಿಂಗೂಲಿನ ಹುಲ್ಲಿನ ಕೋರ್ಟುಗಳ ಮೇಲೆ ಹೆಣ್ಣುಮಕ್ಕಳ ಒಂದು ಟೂರ್ನಿ ನಡೆಯುತ್ತದೆ. ಆಡಲು ಬರುವವರು ವೃತ್ತಿಯವರೇ, ಆದರೆ ಶ್ರೇಯಾಂಕದ ಪಟ್ಟಿಯ ತೀರ ತಳದವರು. ಹೋಟೆಲಿನ ಬಾಡಿಗೆ ಅವರ ಕೈಗೆ ಎಟುಕುವುದಲ್ಲ. ಹಾಗಾಗಿ ಊರಿನ ಮನೆಗಳೇ ಅವರನ್ನು ವಾರದ ಮಟ್ಟಿಗೆ ಹಂಚಿಕೊಳ್ಳುತ್ತವೆ. ಗ್ಲೆಂಡಾ ಇದ್ದಾಗ ಅವರ ಮನೆಯಲ್ಲಿ ಒಂದು ವರ್ಷವೂ ತಪ್ಪದೆ ಯಾರಾದರೊಬ್ಬಳು ಇದ್ದೇ ಇರುತ್ತಿದ್ದಳು. ಹುಡುಗಿಯರು ಗೆದ್ದು ಬಂದು ಕುಣಿದದ್ದು, ಸೋತು ಬಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಗ್ಲೆಂಡಾಳಿಗೆಲ್ಲ ಗೊತ್ತಿತ್ತು. ಒಂದನ್ನೂ ಅವಳು ಗೇಟಿನಾಚೆ ಬಿಟ್ಟವಳಲ್ಲ.

ಈ ವರ್ಷ ಟೂರ್ನಿಯ ಉಸ್ತುವಾರಿ ರೋಸ್ಲಿನ್‌ಗೆ ಒಂದು ಮನೆ ಕಡಿಮೆ ಬಿತ್ತು. ಅವಳು ಗ್ಲೆಂಡಾಳ ಹಳೆಯ ಗೆಳತಿ. ಅಳುಕುತ್ತಲೇ ನೆವಿಲ್‌ನನ್ನು ಕೇಳಿದಳು. ಅವನು ಒಪ್ಪಿಕೊಂಡ. ಮನೆ ಕೊಡುವವರ ಸಭೆಯಲ್ಲಿ ಅವಳು ಎಂದಿನಂತೆ ಹೇಳಬೇಕಾದ್ದನ್ನು ಹೇಳಿದಳು: ಮನೆ ಕೊಡುವವರು, ಗೆರೆ ಎಳೆಯುವವರು, ಚೆಂಡು ಎತ್ತುವವರು ಯಾರೂ ಇಲ್ಲಿನ ಆಟದ ಮೇಲೆ ಬಾಜಿ ಕಟ್ಟಬಾರದು, ಒಳಗಿನ ಸುದ್ದಿ ಹೊರಗೆ ಹೋಗಬಾರದು. ಎಲ್ಲರೂ ತಲೆಯಾಡಿಸಿ ಸ್ಯಾಂಡ್‌ವಿಚ್ಚಿಗೆ ಕೈಹಾಕಿದರು. ಆ ವಾರ ಒಂದು ಪೈಸೆಯನ್ನೂ ಕಟ್ಟುವುದಿಲ್ಲವೆಂದು ನೆವಿಲ್ ಮನಸ್ಸಿನಲ್ಲೇ ನಿಶ್ಚಯಿಸಿಕೊಂಡ. ಎರಡನೆಯ ಮಾತು ಅವನ ಕಿವಿಗೆ ಬಿತ್ತು, ಮುಂದೆ ಹೋಗಲಿಲ್ಲ.

ಅವನ ಮನೆಗೆ ಬಂದವಳು ಬಲ್ಗೇರಿಯಾದ ರಾಲಿತ್ಸಾ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ. ಬಂದ ದಿನವೇ ಶೂಗಳನ್ನು ಬಾಗಿಲ ಹೊರಗೆ ಬಿಟ್ಟು, ತನ್ನ ಲೋಟ ತಾನೇ ತೊಳೆದು, ‘ನೆವಿಲ್, ನಿಮ್ಮ ಮನೇಲಿ ಉಪ್ಪು ಎಲ್ಲಿಡ್ತೀರಿ?’ ಎಂದು ಕೇಳಿದಳು. ಆ ಒಂದು ಪ್ರಶ್ನೆಗೆ ನೆವಿಲ್ ಉಪ್ಪಿನ ಜೊತೆ ಅಡುಗೆಮನೆಯ ಎಲ್ಲ ಡಬ್ಬಿಗಳನ್ನೂ ತೆಗೆದು ತೋರಿಸಿದ. ನೋಡಿ, ಮನುಷ್ಯನಿಗೆ ಬೇಕಾದದ್ದು ಎಷ್ಟು ಕಡಿಮೆ! ಬೆಳಿಗ್ಗೆ ಅವಳು ನೆಗೆಹಗ್ಗ ಆಡುವ ಟಪಟಪ ಸದ್ದು ಅಂಗಳದಿಂದ ಕೇಳಿಸುವುದು, ಸಂಜೆ ಅವಳು ಅಮ್ಮನೊಂದಿಗೆ ತನ್ನ ಭಾಷೆಯಲ್ಲಿ ಹರಟುವುದು, ಇಷ್ಟಕ್ಕೇ ಮನೆಗೆ ಜೀವ ಬಂದಿತ್ತು. ಅವನು ಗ್ಲೆಂಡಾ ಮಾಡುತ್ತಿದ್ದಂತೆ ಕುರಿಮಾಂಸ ಬೇಯಿಸಿದ. ಸ್ವಲ್ಪ ಸೀದಿತು. ಹುಡುಗಿ ತಟ್ಟೆ ಖಾಲಿ ಮಾಡಿದಳು.

ಅವಳ ಜೊತೆಗಾತಿಯೊಬ್ಬಳಿದ್ದಳು, ಹೋಬಾರ್ಟಿನ ಟ್ಯಾಮ್ಸಿನ್. ಊರೂರು ಒಟ್ಟಿಗೆ ತಿರುಗುವವರು, ಡಬಲ್ಸ್ ಜೋಡಿ. ಟ್ಯಾಮ್ಸಿನ್ ಸಿಂಗಲ್ಸಿನಲ್ಲಿ ಮೊದಲ ಸುತ್ತಿಗೇ ಸೋತಿದ್ದಳು. ಹತ್ತಿರದ ಇನ್ನೊಂದು ಮನೆಯಲ್ಲಿ ಇದ್ದುಕೊಂಡು ಊಟಕ್ಕೆ ಇಲ್ಲಿಗೇ ಬರುತ್ತಿದ್ದಳು. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ವರ್ಷದಲ್ಲಿ ಹತ್ತು ತಿಂಗಳು ಮನೆಯಿಂದ ದೂರ ಇರುವ ಹುಡುಗಿಗೆ ಇಂಥವಳೊಬ್ಬಳು ಇದ್ದದ್ದೇ ಪುಣ್ಯ ಎಂದು ನೆವಿಲ್‌ಗೆ ಅನ್ನಿಸಿತ್ತು.

ರಾಲಿತ್ಸಾ ಎರಡು ಸುತ್ತು ಗೆದ್ದಳು. ಕ್ವಾರ್ಟರ್ ಫೈನಲ್ಲಿನ ಹಿಂದಿನ ಸಂಜೆ ಅವಳು ಎಡ ಮಣಿಕಟ್ಟು ಹಿಡಿದುಕೊಂಡು ಅಡುಗೆಮನೆಗೆ ಬಂದು ಐಸ್ ಇದೆಯೇ ಎಂದು ಕೇಳಿದಳು. ಐಸ್ ಇರಲಿಲ್ಲ. ನೆವಿಲ್ ಫ್ರೀಜರಿನಿಂದ ಹಸಿ ಬಟಾಣಿಯ ಚೀಲ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕಟ್ಟಿದ. ಮಣಿಕಟ್ಟು ಬಾತುಕೊಂಡಿತ್ತು. ಊಟಕ್ಕೆ ಬಂದಿದ್ದ ಟ್ಯಾಮ್ಸಿನ್ ಕೂಡ ನೋಡಿ ಹುಬ್ಬು ಗಂಟಿಕ್ಕಿದಳು.

‘ಇದು ಯಾರಿಗೂ ಗೊತ್ತಾಗೋದು ಬೇಡ,’ ಎಂದಳು ರಾಲಿತ್ಸಾ. ‘ಗೊತ್ತಾದ್ರೆ ನಾಳೆ ಅವಳು ಬರೀ ಬ್ಯಾಕ್‌ಹ್ಯಾಂಡಿಗೇ ಹೊಡೀತಾಳೆ. ಎರಡೂ ಕೈ ಹಾಕಿ ಹೊಡೆಯೋಳು ನಾನು. ಎಡಗೈ ಇಲ್ದೆ ಹೋದ್ರೆ ಮುಗೀತು.’

‘ನನ್ನ ಬಾಯಿಂದ ಹೊರಗೆ ಬರಲ್ಲ ಮಗೂ,’ ಎಂದ ನೆವಿಲ್. ಹೇಳುವಾಗ ಅದು ನಿಜವೇ ಆಗಿತ್ತು.

ಊಟವಾಗಿ ಟ್ಯಾಮ್ಸಿನ್ ಹೋದಳು, ರಾಲಿತ್ಸಾ ಬೇಗ ಮಲಗಿದಳು. ನೆವಿಲ್ ಫೋನು ತೆಗೆದ. ಗುಂಪಿನಲ್ಲಿ ನಾಳೆಯ ಬ್ಯಾರಿಂಗೂಲ್ ಆಟದ ಮಾತೇ ನಡೆದಿತ್ತು. ಇಂಥ ಮೂಲೆಯ ಊರಿನ ಆಟದ ಮೇಲೂ ಜಗತ್ತಿನ ಎಲ್ಲೆಲ್ಲಿಂದಲೋ ದುಡ್ಡು ಸುರಿಯುತ್ತದೆ. ರಾಲಿತ್ಸಾಳೇ ಗೆಲ್ಲುವುದೆಂದು ಕಂಪ್ಯೂಟರಿನ ಹುಡುಗ ಖಡಾಖಂಡಿತವಾಗಿ ಬರೆದಿದ್ದ. ಎಲ್ಲರೂ ಅವನ ಬೆನ್ನಿಗೆ ಬಿದ್ದಿದ್ದರು. ಗ್ಯಾಜಾ ಕೆಣಕಿದ: ‘ಪ್ರೊಫೆಸರೇ, ನಿಮ್ಮ ಊರಲ್ಲೇ ಆಟ ಅಂತೆ. ಇದನ್ನಾದ್ರೂ ಹೇಳಿ, ಇಲ್ಲಾ ಎದ್ದು ಜಾಗ ಬಿಡಿ.’

ನೆವಿಲ್ ಫೋನನ್ನು ಮೇಜಿನ ಮೇಲಿಟ್ಟ. ಮತ್ತೆ ತೆಗೆದ. ತಾನು ಬಾಜಿ ಕಟ್ಟುತ್ತಿಲ್ಲವಲ್ಲ ಎಂದುಕೊಂಡ. ಕೇಳಿದ್ದಕ್ಕೆ ಅಭಿಪ್ರಾಯ ಹೇಳುವುದು ಬೇರೆ, ಬಾಜಿ ಬೇರೆ. ಇಲ್ಲಿ ಬರೆದದ್ದು ಬ್ರಿಸ್ಬೇನಿಗೋ ಸ್ಕಾಟ್ಲೆಂಡಿಗೋ ಹೋಗುತ್ತದೆಯೇ ಹೊರತು ಕೋರ್ಟಿನ ಆಚೆ ತುದಿಯಲ್ಲಿ ನಿಂತ ಹುಡುಗಿಗಂತೂ ತಲುಪುವುದಿಲ್ಲ. ಮನುಷ್ಯ ತನ್ನನ್ನು ತಾನು ಒಪ್ಪಿಸಿಕೊಳ್ಳಲು ಹೊರಟರೆ ಎಷ್ಟು ಚುರುಕು ನೋಡಿ! ಅವನು ಬರೆದ: ‘ರಾಲಿತ್ಸಾ ಸೋಲ್ತಾಳೆ. ಎಡ ಮಣಿಕಟ್ಟು ಹೋಗಿದೆ. ಬಟಾಣಿ ಚೀಲ ಕಟ್ಟಿಕೊಂಡು ಕೂತಿದ್ದನ್ನ ಕಣ್ಣಾರೆ ನೋಡಿದೀನಿ.’

ಕೂಡಲೇ ಫೋನು ಟಣಟಣ ಬಡಿದುಕೊಂಡಿತು. ‘ಪ್ರೊಫೆಸರ್ ಅಂದ್ರೆ ಪ್ರೊಫೆಸರೇ!’ ‘ಗುರುವೇ, ಕಾಲು ಎಲ್ಲಿದೆ, ಮುಟ್ತೀನಿ.’ ಎಷ್ಟೋ ವಾರಗಳ ನಂತರ ಆ ರಾತ್ರಿ ನೆವಿಲ್‌ಗೆ ಕಣ್ತುಂಬ ನಿದ್ದೆ ಬಂತು.

ಮಾರನೆಯ ದಿನ ಅವನು ಕೋರ್ಟಿನ ಪಕ್ಕದ ಬೆಂಚಿನಲ್ಲಿ ಕೂತು ಆಟ ನೋಡಿದ. ಮೊದಲ ಸೆಟ್ಟು ರಾಲಿತ್ಸಾಳ ಕೈತಪ್ಪಿತು. ಎಡಗೈ ಬಳಸಲಾರದೆ ಅವಳು ಬ್ಯಾಕ್‌ಹ್ಯಾಂಡನ್ನು ಒಂದೇ ಕೈಯಲ್ಲಿ, ಚೆಂಡಿನ ಅಡಿ ಸವರಿ, ಕತ್ತರಿಸಿ ಕತ್ತರಿಸಿ ಕಳಿಸುತ್ತಿದ್ದಳು. ಆದರೆ ಹುಲ್ಲು ಅವಳ ಕೈಹಿಡಿಯಿತು. ಕತ್ತರಿಸಿದ ಚೆಂಡು ಪುಟವೇ ಏಳದೆ ನೆಲಕ್ಕಂಟಿಕೊಂಡು ಜಾರತೊಡಗಿತು. ಎರಡನೆಯ ಸೆಟ್ಟು ಅವಳದಾಯಿತು. ಮೂರನೆಯದರ ನಡುವೆ ಅವಳ ಒಂದು ಹೊಡೆತ ನೆಟ್ಟಿಗೆ ಬಡಿದು ಬಿತ್ತು. ಆಗ ನೆವಿಲ್‌ನ ಎದೆಯೊಳಗೆ ಏನೋ ಹಗುರಾಯಿತು, ‘ಸದ್ಯ’ ಎನ್ನುವಂತೆ.

ಅವನು ಬೆಚ್ಚಿಬಿದ್ದ. ತನ್ನ ಮನೆಯ ಅನ್ನ ತಿಂದ ಹುಡುಗಿ ಸೋಲಲಿ ಎಂದು ತಾನು ಕಾಯುತ್ತಿದ್ದೇನೆ. ಇದನ್ನು ಬೇರೆ ಯಾರೂ ನೋಡಲಿಲ್ಲ. ಆದರೂ ಬೆಂಚಿನ ಮೇಲೆ ಕೂತಿದ್ದವನಿಗೆ ಬಟ್ಟೆ ಬಿಚ್ಚಿದಷ್ಟು ನಾಚಿಕೆಯಾಯಿತು. ಕೊನೆಗೆ ರಾಲಿತ್ಸಾ ಗೆದ್ದಳು. ಜನ ಎದ್ದು ಚಪ್ಪಾಳೆ ತಟ್ಟಿದರು. ಅವಳು ಸುತ್ತ ಕಣ್ಣಾಡಿಸಿ ನೆವಿಲ್‌ನನ್ನು ಹುಡುಕಿ ಬಲಗೈ ಎತ್ತಿದಳು. ಅವನೂ ಕೈ ಎತ್ತಿದ. ಅಷ್ಟರಲ್ಲಿ ಜೇಬಿನೊಳಗೆ ಫೋನು ನಡುಗಲು ಶುರುವಾಗಿತ್ತು.

ಗುಂಪು ಮೊದಲು ಅವನ ಮೇಲೆ ಹರಿಹಾಯ್ದಿತು. ಆಮೇಲೆ ಒಬ್ಬನಿಗೆ ಬೇರೆಯದೇ ಹೊಳೆಯಿತು: ಹುಡುಗಿ ನಾಟಕ ಆಡಿದ್ದಾಳೆ, ಕೈನೋವು ಅಂತ ಸುದ್ದಿ ಹಬ್ಬಿಸಿ ಬೇರೆ ಕಡೆಯಿಂದ ದುಡ್ಡು ತಿಂದಿದ್ದಾಳೆ. ಅಷ್ಟು ಸಾಕಾಯಿತು. ಯಾರೋ ಅಂತರ್ಜಾಲದಲ್ಲಿ ಅವಳ ಖಾತೆ ಹುಡುಕಿ ಎಲ್ಲರಿಗೂ ಕಳಿಸಿ, ‘ಬನ್ನಿ, ಬುದ್ಧಿ ಕಲಿಸೋಣ’ ಅಂದ. ನೆವಿಲ್ ಅಲ್ಲೇ ಮರದ ಕೆಳಗೆ ನಿಂತು, ತಪ್ಪು ತನ್ನದೇ, ಆ ಹುಡುಗಿಯ ತಂಟೆಗೆ ಹೋಗಬೇಡಿ ಎಂದು ಬರೆದ.

ಗ್ಯಾಜಾನ ಉತ್ತರ ಬಂತು: ‘ನೀವೊಂದು ಕಾಸೂ ಹಾಕಿಲ್ಲ ಪ್ರೊಫೆಸರೇ, ಹಾಕಿದ್ದು ನಾವು. ನನ್ನ ಮನೇಲಿ ಈಗ ನಾನೇನು ಹೇಳ್ಲಿ? ಅವಳಿಗೆ ನಾಲ್ಕು ಮಾತು ಅಂದ್ರೆ ಸಾಯಲ್ಲ. ಆಡೋಕೆ ಬಂದೋಳು ಕೇಳಿಸ್ಕೋಬೇಕು.’ ನೆವಿಲ್ ಮತ್ತೆ ಬರೆದ. ಯಾರೂ ಓದಿದಂತೆ ಕಾಣಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ರಾಲಿತ್ಸಾ ಮನೆಗೆ ಬಂದಳು. ಗೆದ್ದವಳ ಮುಖವಲ್ಲ ಅದು. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಫೋನನ್ನು ಮೇಜಿನ ಮೇಲೆ ಅವನತ್ತ ತಳ್ಳಿದಳು. ನೆವಿಲ್ ಓದಿದ. ಅಂಥ ಮಾತುಗಳನ್ನು ಗಂಡಸರ ನಡುವೆ ಕಾಲುವೆಯ ಮೇಲೆ ಇಷ್ಟು ವರ್ಷ ದುಡಿದವನೂ ಕೇಳಿರಲಿಲ್ಲ. ಕೈ ಕತ್ತರಿಸುತ್ತೇನೆ ಎಂದವನೊಬ್ಬ. ನಿನ್ನಮ್ಮ ಇರುವ ಊರು ಗೊತ್ತು ಎಂದವನೊಬ್ಬ. ಸಾಯಿ, ಸಾಯಿ ಎಂದು ಬರೀ ಅದನ್ನೇ ಬರೆದವರು ಲೆಕ್ಕವಿಲ್ಲ.

‘ಇದು ಪ್ರತಿ ವಾರದ್ದು,’ ಎಂದಳು ಅವಳು. ‘ಸೋತ್ರೆ ನಾನು ಗೆಲ್ತೀನಿ ಅಂದೋರು ಬೈತಾರೆ, ಗೆದ್ರೆ ಸೋಲ್ತೀನಿ ಅಂದೋರು. ಆಟ ಮುಗಿದ ಮೇಲೆ ಒಂದು ಗಂಟೆ ಫೋನ್ ಮುಟ್ಟಲ್ಲ ನಾನು. ಅದನ್ನೆಲ್ಲ ಅಭ್ಯಾಸ ಮಾಡ್ಕೊಂಡಿದೀನಿ. ಆದ್ರೆ ಇದನ್ನ ನೋಡಿ.’

ಅವಳು ಬೆರಳಿಟ್ಟು ತೋರಿಸಿದ ಕಡೆ ಒಬ್ಬ, ನಿನ್ನ ಬಟಾಣಿ ಚೀಲದಲ್ಲೇ ನಿನ್ನನ್ನು ಕಟ್ಟಿ ನದಿಗೆ ಎಸೆಯಬೇಕು ಎಂದು ಬರೆದಿದ್ದ.

‘ನನ್ನ ಕೈಗೆ ಆ ಚೀಲ ಕಟ್ಟಿದ್ದು ನೋಡಿದೋರು ಇಬ್ಬರೇ. ನೀವು, ಟ್ಯಾಮ್ಸಿನ್. ಈ ಕಸುಬಲ್ಲಿ ಇಂಥ ಸುದ್ದಿ ಮಾರ್ಕೊಳ್ಳೋ ಹುಡುಗೀರು ಇದಾರೆ ಅಂತ ಕೇಳಿದ್ದೆ. ಅವಳೂ ಹಾಗೆ ಮಾಡ್ತಾಳೆ ಅಂತ ಅಂದ್ಕೊಂಡಿರಲಿಲ್ಲ.’ ಅವಳ ದನಿ ಒಡೆಯಿತು. ‘ಈಗ ಹೇಳಿ ಬಂದೆ ಅವಳಿಗೆ. ಇನ್ನು ನಿನ್ನ ಜೊತೆ ಡಬಲ್ಸ್ ಆಡಲ್ಲ, ಮುಂದಿನ ಊರಿಗೆ ನಾನೊಬ್ಬಳೇ ಹೋಗ್ತೀನಿ ಅಂತ.’

ಇದು ನೆವಿಲ್ ಬಾಯಿಬಿಡಬೇಕಾಗಿದ್ದ ಗಳಿಗೆ. ಅವನಿಗೆ ಬಾಯಿ ಬರಲಿಲ್ಲ. ಹೇಳಿದರೆ ಈ ಹುಡುಗಿ ಎದ್ದು ಹೋಗುತ್ತಾಳೆ, ಮನೆ ಮತ್ತೆ ಮೊದಲಿನ ಹಾಗಾಗುತ್ತದೆ. ಅವನಿಗೆ ಕಂಡದ್ದು ಅದೊಂದೇ. ‘ಏನಾದ್ರೂ ತಿನ್ನು ಮಗೂ’ ಎಂದ. ಅವಳು ಬೇಡವೆಂದು ತಲೆಯಾಡಿಸಿ ಎದ್ದವಳು, ಅವನ ಭುಜದ ಮೇಲೆ ಕೈಯಿಟ್ಟು, ‘ಈ ಮನೆ ಒಂದಿತ್ತಲ್ಲ, ಸದ್ಯ’ ಎಂದು ಒಳಗೆ ಹೋದಳು. ಆ ಕೈಯ ಭಾರ ತಡೆಯಲಾರದೆ ನೆವಿಲ್ ಬಹಳ ಹೊತ್ತು ಮೇಜಿನ ಮುಂದೆಯೇ ಕೂತಿದ್ದ.

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಟ್ಯಾಮ್ಸಿನ್. ಅತ್ತು ಅತ್ತು ಮುಖ ಊದಿಕೊಂಡಿತ್ತು. ಒಳಗೆ ಬಾ ಎಂದರೂ ಬರಲಿಲ್ಲ.

‘ಅವಳು ನನ್ನ ಫೋನ್ ಎತ್ತುತಾ ಇಲ್ಲ ನೆವ್. ನೀವು ಹೇಳಿದ್ರೆ ಕೇಳ್ತಾಳೆ. ಅವತ್ತು ಊಟಕ್ಕೆ ಕೂತಾಗ ನಾನು ಫೋನ್ ಮುಟ್ಟಿದ್ನಾ? ನೀವೇ ಎದುರಿಗಿದ್ರಿ. ನಮ್ಮಮ್ಮನಿಗೂ ಹೇಳಿಲ್ಲ ನಾನು, ದೇವರಾಣೆ. ಮೂರು ವರ್ಷದಿಂದ ಒಂದೇ ರೂಮಲ್ಲಿ ಮಲಗಿದೀವಿ ನಾವು. ಒಂದು ಬಾಳೆಹಣ್ಣಿದ್ರೆ ಅರ್ಧ ಅರ್ಧ ಮಾಡ್ಕೊಂಡು ತಿಂದಿದೀವಿ. ನಾನಲ್ಲ ಅಂತ ಒಂದು ಮಾತು ಹೇಳಿ, ಸಾಕು.’

ಬೆನ್ನ ಹಿಂದೆ ನೆಲಹಲಗೆ ಕಿರ್ ಎಂದಿತು. ರಾಲಿತ್ಸಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಇವಳಲ್ಲ ಅಂದಷ್ಟೇ ಹೇಳಿ, ಇನ್ನಾರೋ ಕಿಟಕಿಯಿಂದ ನೋಡಿರಬಹುದು ಎಂದು ಸೇರಿಸಲು ಆಗ ಅವನಿಗೆ ದಾರಿಯಿತ್ತು. ಆ ಸುಳ್ಳು ಅವನ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಹುಡುಗಿಯ ಊದಿದ ಮುಖ ಎದುರಿಗಿತ್ತು. ಒಬ್ಬಳೇ ಇರುವುದೆಂದರೆ ಏನೆಂದು ಬ್ಯಾರಿಂಗೂಲಿನಲ್ಲಿ ಅವನಷ್ಟು ಬಲ್ಲವರು ಯಾರಿದ್ದರು? ಅದನ್ನೇ ತಾನು ಇವರಿಬ್ಬರ ಮೇಲೆ ಹೊರಿಸಲು ಹೊರಟಿದ್ದ.

‘ನಾನು,’ ಎಂದ ನೆವಿಲ್. ‘ಹೇಳಿದ್ದು ನಾನು.’

ಅವನು ಎಲ್ಲವನ್ನೂ ಹೇಳಿದ. ಗುಂಪು, ಪ್ರೊಫೆಸರ್ ಎಂಬ ಹೆಸರು, ಆ ರಾತ್ರಿ ಬರೆದದ್ದು. ದುಡ್ಡು ಕಟ್ಟಿರಲಿಲ್ಲ ಎಂದೂ ಹೇಳಿದ. ಹೇಳಿದ ಮೇಲೆ ಆ ಮಾತು ಎಷ್ಟು ಹಗುರವಾಗಿ ಕೇಳಿಸಿತೆಂದರೆ ಅವನಿಗೇ ಅಸಹ್ಯವಾಯಿತು.

‘ದುಡ್ಡಿಗಲ್ಲದಿದ್ರೆ ಮತ್ತೆ ಯಾತಕ್ಕೆ?’ ರಾಲಿತ್ಸಾ ಕೇಳಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು.

‘ದಿನಾ ಬೆಳಿಗ್ಗೆ ಅವರು ನನ್ನನ್ನ ಕೇಳ್ತಾರೆ ಮಗೂ. ಯಾರು ಗೆಲ್ತಾರೆ ಅಂತ. ಬೇರೆ ಯಾರೂ ಏನೂ ಕೇಳಲ್ಲ.’

ಅವಳು ಅವನನ್ನೇ ನೋಡುತ್ತ ನಿಂತಳು. ‘ನಾನು ಕೇಳಿದ್ದೆನಲ್ಲ,’ ಎಂದಳು. ‘ಯಾರಿಗೂ ಹೇಳ್ಬೇಡಿ ಅಂತ ನಿಮ್ಮನ್ನ ಕೇಳಿದ್ದೆನಲ್ಲ ನಾನು.’ ಬಾಗಿಲ ಚೌಕಟ್ಟಿಗೆ ಒರಗಿ, ‘ಈ ವಾರ ಒಂದು ಮನೇಲಿದೀನಿ, ಚಿಂತೆ ಮಾಡ್ಬೇಡ ಅಂತ ಅಮ್ಮನಿಗೆ ಹೇಳಿದ್ದೆ,’ ಎಂದಳು.

ಆಮೇಲೆ ಅವಳು ಒಳಗೆ ಹೋಗಿ ಚೀಲ ಕಟ್ಟಿಕೊಂಡಳು. ಟ್ಯಾಮ್ಸಿನ್ ರ‍್ಯಾಕೆಟ್ಟುಗಳನ್ನು ಎತ್ತಿಕೊಂಡಳು. ಕಾರಿನಲ್ಲಿ ಬಿಡುತ್ತೇನೆ ಎಂದು ನೆವಿಲ್ ಅಂದದ್ದಕ್ಕೆ ಟ್ಯಾಮ್ಸಿನ್ನೇ ಬೇಡವೆಂದಳು. ಗೇಟು ದಾಟುವಾಗ ರಾಲಿತ್ಸಾ ಅವಳಿಗೆ ಏನೋ ಅಂದಳು. ಕ್ಷಮೆ ಕೇಳಿದ್ದಿರಬೇಕು, ಟ್ಯಾಮ್ಸಿನ್ ಚೀಲ ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು. ಕಿಟಕಿಯ ಹಿಂದೆ ನಿಂತು ನೆವಿಲ್ ಅದನ್ನು ನೋಡಿದ. ತನ್ನಿಂದ ಆದದ್ದರಲ್ಲಿ ನೋಡಬಹುದಾದದ್ದು ಅದೊಂದೇ ಇತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಹುಡುಗಿಯರು ಯಾರಿಗೂ ದೂರು ಹೇಳಲಿಲ್ಲ. ಆದರೆ ಸಾಯಿ ಎಂದು ಬರೆದ ಕೈಗಳು ನಾಳೆ ಇನ್ನೊಬ್ಬಳಿಗೆ ಬರೆಯುತ್ತವೆಂಬುದು ನೆವಿಲ್‌ಗೆ ಗೊತ್ತಿತ್ತು. ಮಧ್ಯಾಹ್ನದ ಮುಂಚೆ ಅವನು ಕ್ಲಬ್ಬಿಗೆ ಹೋಗಿ ರೋಸ್ಲಿನ್‌ಳ ಮೇಜಿನ ಮೇಲೆ ತನ್ನ ಫೋನಿಟ್ಟ. ಗುಂಪನ್ನು ಅಳಿಸಿರಲಿಲ್ಲ. ಬೆದರಿಕೆ ಬರೆದವರ ಹೆಸರು, ಅದಕ್ಕೆ ಮುಂಚೆ ತಾನು ಬರೆದದ್ದು, ಎಲ್ಲ ಇದ್ದ ಹಾಗೇ ಇತ್ತು. ಇಂಥದನ್ನು ವಿಚಾರಿಸುವ ಅಧಿಕಾರಿಗಳು ಮೆಲ್ಬರ್ನಿನಲ್ಲಿದ್ದಾರಲ್ಲ, ಅವರಿಗೆ ಕಳಿಸು ಎಂದ.

ರೋಸ್ಲಿನ್ ಕನ್ನಡಕ ಹಾಕಿಕೊಂಡು ಓದಿದಳು. ಓದುತ್ತಾ ಅವಳ ಮುಖ ಬಿಳಿಚಿಕೊಂಡಿತು.

‘ನೀನು ಬಂದು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲವಲ್ಲೋ ನೆವ್.’

‘ಆ ಹುಡುಗಿಗೆ ಗೊತ್ತಲ್ಲ.’

‘ಒಂಟಿಯಾಗಿದೀಯ ಅಂತ ನಮಗೆಲ್ಲ ಗೊತ್ತಿತ್ತು ಕಣೋ. ಬಂದು ಬಾಗಿಲು ತಟ್ಟಲಿಲ್ಲ ನಾವು, ಅದು ನಮ್ಮ ತಪ್ಪೇ. ಹಾಗಂತ ಇದನ್ನ ನಾನು ಮುಚ್ಚಿಡಕ್ಕಾಗಲ್ಲ. ಇದನ್ನ ಕಳಿಸಿದ ಮೇಲೆ ನೀನು ಈ ಗೇಟಿನೊಳಗೆ ಬರೋ ಹಾಗಿಲ್ಲ. ಈ ವರ್ಷ ಅಷ್ಟೇ ಅಲ್ಲ, ಎಷ್ಟು ವರ್ಷ ಅಂತ ಅವರು ಹೇಳ್ತಾರೆ. ಗೆರೆ ಎಳೆಯೋ ಕೆಲಸವೂ ಇಲ್ಲ. ಗೊತ್ತಿದ್ದೇ ಬಂದ್ಯಾ?’

‘ಗೊತ್ತಿದ್ದೇ ಬಂದೆ,’ ಎಂದ ನೆವಿಲ್. ರೋಸ್ಲಿನ್ ಮೆಲ್ಬರ್ನಿಗೆ ಕಳಿಸಲೆಂದು ಅವನ ಫೋನನ್ನು ಎತ್ತಿಟ್ಟುಕೊಂಡಳು. ಅವನು ಗೇಟು ದಾಟಿ ಹೊರಗೆ ಬಂದ. ಅವತ್ತೂ ಮಾರನೆಯ ದಿನವೂ ಮನೆಯಲ್ಲಿ ಫೋನೂ ಇರಲಿಲ್ಲ, ಮಾತೂ ಇರಲಿಲ್ಲ. ಮನೆಯ ಮೌನ ಅವನನ್ನು ತಿಂದುಹಾಕಿತು. ಅದಕ್ಕೆ ಅವನು ಈ ಸಲ ಯಾರನ್ನೂ ದೂರಲಿಲ್ಲ.

ಭಾನುವಾರ ಡಬಲ್ಸ್ ಫೈನಲ್ಲು. ಸಿಂಗಲ್ಸಿನ ಸೆಮಿಫೈನಲ್ಲಿನಲ್ಲಿ ಸೋತ ರಾಲಿತ್ಸಾ ಇವತ್ತು ಟ್ಯಾಮ್ಸಿನ್ ಜೊತೆ ಆಡುತ್ತಿದ್ದಾಳೆ ಎಂದು ಹಾಲು ತರಲು ಹೋದಾಗ ಅಂಗಡಿಯಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು. ನೆವಿಲ್ ಮನೆಗೆ ಹೋಗದೆ ನೇರ ಕ್ಲಬ್ಬಿನ ಕಡೆ ನಡೆದ. ಒಳಗೆ ಹೋಗುವ ಹಾಗಿರಲಿಲ್ಲ. ರಸ್ತೆಯ ಈಚೆ, ತಂತಿ ಬೇಲಿಯ ಹೊರಗೆ, ಹಾಲಿನ ಡಬ್ಬ ಕೈಯಲ್ಲಿ ಹಿಡಿದು ನಿಂತ. ಫೈನಲ್ಲಿಗೆ ಮುಂಚೆ ಇಬ್ಬರೂ ಪಕ್ಕದ ಕೋರ್ಟಿನಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಬಿಸಿಲು ಸುಡುತ್ತಿತ್ತು. ಟ್ಯಾಮ್ಸಿನ್ ಏನೋ ಹೇಳಿದಳು, ರಾಲಿತ್ಸಾ ನಗುತ್ತಾ ಹೊಡೆದದ್ದು ದಾರಿ ತಪ್ಪಿ ಬೇಲಿಯ ಮೇಲೆ ಹಾರಿ ನೆವಿಲ್‌ನ ಕಾಲ ಬಳಿ ಬಂದು ಬಿತ್ತು.

ಚೆಂಡಿಗಾಗಿ ರಾಲಿತ್ಸಾ ಓಡಿಬಂದಳು. ಬೇಲಿಯ ಹತ್ತಿರ ಬಂದ ಮೇಲೆ ಅವನು ಯಾರೆಂದು ತಿಳಿಯಿತು. ನಿಂತಳು. ಅವನು ಬಗ್ಗಿ ಚೆಂಡು ಎತ್ತಿಕೊಂಡು ಬೇಲಿಯ ಮೇಲಿಂದ ಎಸೆದ. ಅವಳು ಹಿಡಿದುಕೊಂಡಳು.

‘ಥ್ಯಾಂಕ್ಸ್,’ ಎಂದಳು. ದಾರಿಹೋಕ ಯಾರೇ ಎಸೆದಿದ್ದರೂ ಹೇಳಬಹುದಾದಷ್ಟೇ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಅವಳು ತಿರುಗಿ ನಾಲ್ಕು ಹೆಜ್ಜೆ ಹೋದಳು. ಅಲ್ಲಿಂದಲೇ ಹಿಂದಿರುಗಿ ನೋಡಿದಳು.

‘ಬಿಸಿಲಲ್ಲಿ ನಿಲ್ಲಬೇಡಿ,’ ಎಂದಳು. ‘ಅಲ್ಲಿ ಮರ ಇದೆ, ನೆರಳಿಗೆ ಹೋಗಿ.’

ಅವನು ತಲೆಯಾಡಿಸಿದ. ಅವಳು ಓಡಿಹೋದಳು. ರಸ್ತೆಯಂಚಿನ ಆ ನೀಲಗಿರಿ ಮರದ ಕೆಳಗಿನಿಂದ ಕೋರ್ಟು ಕಾಣುವುದಿಲ್ಲ, ಕ್ಲಬ್ಬಿನ ಗೋಡೆ ಅಡ್ಡ ಬರುತ್ತದೆ. ಅದು ನೆವಿಲ್‌ಗೆ ಗೊತ್ತಿತ್ತು. ಆದರೂ ಅವನು ಅವಳು ಹೇಳಿದಲ್ಲಿಗೇ ಹೋಗಿ ಕೂತ. ಆಟ ಶುರುವಾಯಿತು. ಚೆಂಡಿನ ಸದ್ದು, ಜನರ ಚಪ್ಪಾಳೆ, ಅಷ್ಟು ಮಾತ್ರ ಕೇಳಿಸುತ್ತಿತ್ತು. ಯಾರ ಪಾದ ಹೇಗಿದೆ, ಯಾರು ಮುಂದಿದ್ದಾರೆ, ಒಂದೂ ತಿಳಿಯುವಂತಿರಲಿಲ್ಲ. ಪ್ರತಿ ಚಪ್ಪಾಳೆಗೂ ಅವನು ಅದು ಆ ಇಬ್ಬರಿಗೇ ಬಿದ್ದಿರಲಿ ಎಂದು ಬೇಡಿಕೊಳ್ಳುತ್ತ, ಆಟ ಮುಗಿಯುವ ತನಕ ಅಲ್ಲೇ ಕೂತಿದ್ದ.